ಚಾರ್ಜಿಂಗ್ ಟಾರ್ಚಿನ ಬೆಳಕನ್ನು ಹೆಚ್ಚಿಸಲು ಎಲ್‌ಇಡಿ ಬದಲಾಯಿಸಿದರೆ ಸಾಕೇ?

ನಾಲೆಬದಿ, ಮದ್ದೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಕೊನೆಯ ಭಾಗದಲ್ಲಿದೆ. ಒಂದೂವರೆ ಎಕರೆಯಲ್ಲಿ ಕಬ್ಬಿದೆ, ಉಳಿದದ್ದರಲ್ಲಿ ಭತ್ತ. ನಾಲೆಯ ನೀರು ಸಾಲದ ದಿನಗಳಲ್ಲಿ ಕೊಳವೆಬಾವಿಯಿಂದ ನೀರು ಕಟ್ಟುತ್ತೇವೆ. ಥ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಸರಿರಾತ್ರಿಯಲ್ಲೇ ಎದ್ದು ಹೋಗಿ ಸ್ಟಾರ್ಟರ್ ಒತ್ತಬೇಕು, ಆಮೇಲೆ ಬೆಳಗಿನವರೆಗೂ ಬದುವಿನ ಮೇಲೆ ಓಡಾಡುತ್ತ ನೀರು ತಿರುಗಿಸಬೇಕು.

ಕಳೆದ ವಾರ ಬದುವಿನ ಮೇಲೆ ಒಣಗಿದ ಕಬ್ಬಿನ ತರಗಿನ ನಡುವೆ ಕೊಳಕುಮಂಡಲವೊಂದು ಸುರುಳಿ ಸುತ್ತಿ ಮಲಗಿತ್ತು. ಮೂರು ಹೆಜ್ಜೆ ದೂರದಲ್ಲಿ ಅದು ಬುಸುಗುಟ್ಟಿದ್ದರಿಂದ ನಿಂತೆನೇ ಹೊರತು, ಟಾರ್ಚಿನ ಬೆಳಕಿನಲ್ಲಿ ಕಂಡು ನಿಂತದ್ದಲ್ಲ. ಅಂದಿನಿಂದ ಈ ಟಾರ್ಚನ್ನು ಸರಿಪಡಿಸದೆ ರಾತ್ರಿ ಗದ್ದೆಗೆ ಇಳಿಯಬಾರದು ಎನಿಸಿದೆ.

ನಮ್ಮ ಕಡೆ ಟಾರ್ಚನ್ನೇ ಬ್ಯಾಟರಿ ಎನ್ನುವ ರೂಢಿ ಇರುವುದರಿಂದ ಗೊಂದಲವಾಗಬಾರದೆಂದು ಇಲ್ಲಿ ಇಡೀ ಉಪಕರಣವನ್ನು ಟಾರ್ಚ್ ಎಂದೂ ಅದರ ಒಳಗಿರುವುದನ್ನು ಬ್ಯಾಟರಿ ಎಂದೂ ಬರೆಯುತ್ತೇನೆ. ಟಾರ್ಚಿನದು ಪ್ಲಾಸ್ಟಿಕ್ ಮೈ. ಹಿಂಬದಿಯಿಂದ ಎರಡು ಪಿನ್ನುಗಳನ್ನು ಹೊರಗೆಳೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಚಾರ್ಜ್ ಮಾಡಬೇಕು. ಕೊಂಡು ಎರಡು ವರ್ಷವಾಗಿದೆ. ಹೊಸದರಲ್ಲಿ ಪಂಪ್‌ಮನೆಯಿಂದ ತೆಂಗಿನ ಸಾಲಿನವರೆಗೂ ಬೆಳಕು ಬೀಳುತ್ತಿತ್ತು, ಈಗ ಹತ್ತು ಮಾರು ದೂರವೂ ಸ್ಪಷ್ಟವಾಗಿ ಕಾಣುವುದಿಲ್ಲ. ಬಿಚ್ಚಿ ನೋಡಿದಾಗ 4 ವೋಲ್ಟಿನ ಸಣ್ಣ ಸೀಸದ ಬ್ಯಾಟರಿ, ಬೆರಳಗಲದ ಒಂದು ಬೋರ್ಡು, ಕರೆಂಟನ್ನು ತಡೆಯುವ ಒಂದು ರೆಸಿಸ್ಟರ್ ಮತ್ತು ಒಂದೇ ಒಂದು ಎಲ್‌ಇಡಿ ಕಂಡವು. ಆ ರೆಸಿಸ್ಟರನ್ನು ಶಾರ್ಟ್ ಮಾಡಿದರೆ ಬೆಳಕು ಎರಡರಷ್ಟಾಗುತ್ತದೆ ಎಂದು ಊರಿನ ಮೋಟಾರು ವೈಂಡಿಂಗ್ ಮಾಡುವವರು ಹೇಳಿದರು. ಇನ್ನೊಬ್ಬರು 10 ವ್ಯಾಟಿನ ಎಲ್‌ಇಡಿ ಹಾಕಿಬಿಡು ಎಂದರು. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಬೆಸುಗೆ, ಮೈಸೂರು

ಮೊದಲು ಅಳತೆ, ಆಮೇಲೆ ಬದಲಾವಣೆ. ನಿಮ್ಮಲ್ಲಿ ಮಲ್ಟಿಮೀಟರ್ ಇದ್ದರೆ ಮೂರು ಸಂಖ್ಯೆಗಳನ್ನು ಬರೆದುಕೊಳ್ಳಿ: ಟಾರ್ಚ್ ಆರಿದಾಗ ಬ್ಯಾಟರಿಯ ವೋಲ್ಟೇಜ್, ಉರಿಯುವಾಗ ಅದೇ ಬ್ಯಾಟರಿಯ ವೋಲ್ಟೇಜ್, ಮತ್ತು ಎಲ್‌ಇಡಿಗೆ ಹೋಗುವ ಕರೆಂಟು. ರೆಸಿಸ್ಟರ್ ಎಷ್ಟು ಓಮಿನದು ಎಂಬುದನ್ನೂ ನೋಡಿ.

10 ವ್ಯಾಟಿನ ಎಲ್‌ಇಡಿ ಎಂದು ಅಗ್ಗಕ್ಕೆ ಸಿಗುವ ಚೌಕನೆಯ ಹಳದಿ ಚಿಪ್ಪಿನಲ್ಲಿ ಸಾಮಾನ್ಯವಾಗಿ ಮೂರು ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಅದಕ್ಕೆ 9ರಿಂದ 12 ವೋಲ್ಟ್ ಬೇಕು, ನಿಮ್ಮ 4 ವೋಲ್ಟಿಗೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಆ ಸಲಹೆಯನ್ನು ಈಗಲೇ ಬಿಟ್ಟುಬಿಡಿ.

ನಾಲೆಬದಿ, ಮದ್ದೂರು ತಾಲ್ಲೂಕು

ಅಣ್ಣಾ, ರಾತ್ರಿಯಿಡೀ ಚಾರ್ಜ್ ಮಾಡಿ, ಪಿನ್ನು ಕಿತ್ತು ಒಂದು ಗಂಟೆ ಬಿಟ್ಟು ಅಳೆದೆ. ಆರಿದಾಗ 4.05 ವೋಲ್ಟ್, ಉರಿಯುವಾಗ 3.4 ವೋಲ್ಟ್, ಕರೆಂಟು 0.21 ಆಂಪಿಯರ್ ಬಂದಿತು. ರೆಸಿಸ್ಟರ್ 2.2 ಓಮ್ ಇದೆ.

ಬೆಸುಗೆ, ಮೈಸೂರು

ಕಾಯಿಲೆ ಎಲ್ಲಿದೆ ಎಂಬುದು ಈ ಸಂಖ್ಯೆಗಳಲ್ಲೇ ಇದೆ. ಬರೀ 0.21 ಆಂಪಿಯರ್ ಎಳೆದಾಗ ಬ್ಯಾಟರಿ 0.65 ವೋಲ್ಟ್ ಕುಸಿಯುತ್ತಿದೆ ಎಂದರೆ ಅದರ ಒಳರೋಧ, ಎಂದರೆ ಕರೆಂಟಿಗೆ ಬ್ಯಾಟರಿಯೇ ಒಳಗೆ ಒಡ್ಡುವ ತಡೆ, ಮೂರು ಓಮ್ ಮುಟ್ಟಿದೆ ಎಂದರ್ಥ. ಹೊಸ ಬ್ಯಾಟರಿಯಲ್ಲಿ ಅದು ಒಂದು ಓಮಿನ ಸಣ್ಣ ಭಾಗವಷ್ಟೇ ಇರುತ್ತದೆ. ಸೀಸದ ಬ್ಯಾಟರಿಯನ್ನು ಖಾಲಿಯಾದ ಮೇಲೆ ದಿನಗಟ್ಟಲೆ ಹಾಗೆಯೇ ಇಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ನಿಮ್ಮ ಎಲ್‌ಇಡಿಗೆ ಈಗ ತಲುಪುತ್ತಿರುವುದು ಹೆಚ್ಚೆಂದರೆ 0.6 ವ್ಯಾಟ್. ಅದರ ಮೈಮೇಲೆ 3 ವ್ಯಾಟ್ ಎಂದು ಬರೆದಿದ್ದರೂ ಅದು ಉಪವಾಸ ಬಿದ್ದಿದೆ.

ಇನ್ನು ರೆಸಿಸ್ಟರ್ ಶಾರ್ಟ್ ಮಾಡುವ ವಿಚಾರ. ಇದೇ ಹಳೆಯ ಬ್ಯಾಟರಿಯ ಜೊತೆ ಹಾಗೆ ಮಾಡಿದರೆ ಕರೆಂಟು ಸುಮಾರು 0.35 ಆಂಪಿಯರ್ ಆಗಬಹುದು, ಸ್ವಲ್ಪ ಚುರುಕಾಗಿ ಕಾಣಬಹುದು. ಮುಂದೆ ಎಂದಾದರೂ ಹೊಸ ಬ್ಯಾಟರಿ ಹಾಕಿದ ದಿನ, ತಡೆಯುವವರು ಯಾರೂ ಇಲ್ಲದೆ ಒಂದೂವರೆ, ಎರಡು ಆಂಪಿಯರ್ ನುಗ್ಗಿ ಆ ಎಲ್‌ಇಡಿ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಎಲ್‌ಇಡಿಯ ಸ್ವಭಾವವೇ ಹಾಗೆ, ವೋಲ್ಟೇಜ್ 0.2ರಷ್ಟು ಏರಿದರೆ ಕರೆಂಟು ಎರಡು ಪಟ್ಟಾಗಬಲ್ಲದು. ಆದ್ದರಿಂದ ಕರೆಂಟನ್ನು ನಿಗದಿ ಮಾಡುವ ಡ್ರೈವರ್ ಬೋರ್ಡ್ ಬೇಕೇ ಬೇಕು. ಸತ್ತ ಸೀಸದ ಬ್ಯಾಟರಿಯ ಬದಲು ಲೀಥಿಯಂ ಸೆಲ್ ಹಾಕುವುದಾದರೆ, ಒಂದೇ ಸೆಲ್ಲಿನ ವೋಲ್ಟೇಜಿಗೆ ಎಎಂಸಿ7135 ಎಂಬ ಪುಟ್ಟ ಚಿಪ್ಪುಗಳಿರುವ ಬೋರ್ಡು ಸರಳವಾದದ್ದು. ಒಂದೊಂದು ಚಿಪ್ಪೂ 350 ಮಿಲಿಆಂಪಿಯರ್ ಬಿಡುತ್ತದೆ, ನಾಲ್ಕು ಚಿಪ್ಪಿದ್ದರೆ 1.4 ಆಂಪಿಯರ್, ಎಂಟಿದ್ದರೆ 2.8.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮ ಟಾರ್ಚಿನ ಚಾರ್ಜರಿನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. 230 ವೋಲ್ಟಿನ ತಂತಿಗೆ ಒಂದು ಕೆಪಾಸಿಟರ್ ಸರಣಿಯಲ್ಲಿ ಸೇರಿರುತ್ತದೆ, ಅದರ ನಂತರ ನಾಲ್ಕು ಡಯೋಡ್, ಅಷ್ಟೇ. ಕೆಪಾಸಿಟರ್ 1 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 70 ಮಿಲಿಆಂಪಿಯರ್ ಹರಿಯುತ್ತದೆ. ಪಿನ್ನು ಸಾಕೆಟ್ಟಿನಲ್ಲಿ ಇರುವಷ್ಟು ಹೊತ್ತೂ ಒಳಗಿನ ಬ್ಯಾಟರಿಯ ತುದಿಗಳೂ ಎಲ್‌ಇಡಿಯೂ ನೇರವಾಗಿ ಮೇನ್ಸ್‌ಗೆ ಸೇರಿಕೊಂಡಿರುತ್ತವೆ, ಮುಟ್ಟಿದರೆ ಜೀವಕ್ಕೇ ಅಪಾಯ. ಪ್ಲಾಸ್ಟಿಕ್ ಮೈ ಇರುವುದು ಅದಕ್ಕಾಗಿಯೇ. ಇಂಥ ಟಾರ್ಚಿಗೆ ಹೊರಗೆ ಕಾಣುವಂತೆ ಲೋಹದ ಭಾಗ ಸೇರಿಸಬೇಕಾದರೆ ಮೊದಲು ಆ ಚಾರ್ಜರನ್ನು ಬುಡಸಮೇತ ಕಿತ್ತು ಹಾಕಬೇಕು. ಲೀಥಿಯಂ ಸೆಲ್ ಹಾಕುವುದಾದರೂ ಅಷ್ಟೇ, ಏಕೆಂದರೆ ಲೀಥಿಯಂ ಸೆಲ್ 4.2 ವೋಲ್ಟಿಗೆ ನಿಲ್ಲಬೇಕು, ಈ ಚಾರ್ಜರಿಗೆ ನಿಲ್ಲುವುದೇ ಗೊತ್ತಿಲ್ಲ.

ಹಾರೋಹಳ್ಳಿ ರಸ್ತೆ, ಪಾಂಡವಪುರ

ಬೆಸುಗೆಯವರ ಮಾತಿಗೆ ನನ್ನದೇ ಮನೆಯ ಅನುಭವವನ್ನು ಸೇರಿಸುತ್ತೇನೆ. ಎರಡು ವರ್ಷದ ಹಿಂದೆ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಒಡೆದು ತೆಗೆದ ಸೆಲ್ಲೊಂದನ್ನು ಇದೇ ಬಗೆಯ ಟಾರ್ಚಿಗೆ ಹಾಕಿ, ಹಳೆಯ ಎರಡು ಪಿನ್ನಿನಲ್ಲೇ ಚಾರ್ಜಿಗೆ ಇಟ್ಟಿದ್ದೆ. ಮೊದಲ ನಾಲ್ಕೈದು ಸಲ ಏನೂ ಆಗಲಿಲ್ಲ, ಆ ಕರೆಂಟು ಕಡಿಮೆ ಇದ್ದುದರಿಂದ ಸೆಲ್ ತುಂಬುವ ಮೊದಲೇ ನಾನು ಪಿನ್ನು ಕಿತ್ತಿದ್ದಿರಬೇಕು. ಒಮ್ಮೆ ಮದುವೆಗೆಂದು ಹೋಗಿ ಎರಡು ರಾತ್ರಿ ಮರೆತೆವು. ಬಂದು ಬಾಗಿಲು ತೆರೆದಾಗ ಒಳಗೆ ಸಿಹಿಯಂಥ, ಗಂಟಲು ಕೆರೆಯುವ ವಾಸನೆ ಇತ್ತು. ಟಾರ್ಚಿನ ಹಿಂಭಾಗ ಕರಗಿ ಕಿಟಕಿಯ ಕಟ್ಟೆಗೆ ಅಂಟಿಕೊಂಡಿತ್ತು, ಮೇಲಿನ ಪರದೆಯ ಅಂಚು ಕಂದಿತ್ತು. ಕಿಟಕಿಯ ಪಕ್ಕದಲ್ಲೇ ಮಕ್ಕಳ ಹಾಸಿಗೆ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ದುದು ನಮ್ಮ ಪುಣ್ಯ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ಬೆಸುಗೆ, ಮೈಸೂರು

ಇಂಥದ್ದನ್ನು ಮುಚ್ಚಿಡದೆ ಬರೆದಿದ್ದಕ್ಕೆ ನಿಮಗೆ ಧನ್ಯವಾದ. ಹಾಗಾದರೆ ಸರಿಯಾದ ದಾರಿ ಇದು. ಟಿಪಿ4056 ಎಂಬ ಚಾರ್ಜಿಂಗ್ ಬೋರ್ಡು ಹತ್ತಾರು ರೂಪಾಯಿಗೆ ಸಿಗುತ್ತದೆ, ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗುವವರಿದ್ದರೆ ತರಿಸಿಕೊಳ್ಳಬಹುದು, ಆನ್‌ಲೈನಿನಲ್ಲೂ ಇದೆ. ಕೊಳ್ಳುವಾಗ ರಕ್ಷಣಾ ಚಿಪ್ಪು ಇರುವ ಬೋರ್ಡನ್ನೇ ಕೇಳಿ. ಅದರ ಮೇಲೆ ಎಲ್‌ಇಡಿಯ ಕಡೆಗೆ ಹೋಗುವ ಹೊರದಾರಿಗೆ ಬೇರೆ ಎರಡು ತುದಿ, ಬ್ಯಾಟರಿಗೆ ಬೇರೆ ಎರಡು ತುದಿ ಇರುತ್ತವೆ. ಮೊಬೈಲ್ ಚಾರ್ಜರಿನ 5 ವೋಲ್ಟಿನಿಂದ ಸೆಲ್ಲನ್ನು 1 ಆಂಪಿಯರಿನಲ್ಲಿ ತುಂಬಿಸಿ 4.2ಕ್ಕೆ ತಾನೇ ನಿಲ್ಲುತ್ತದೆ, ಸೆಲ್ ಸುಮಾರು 2.5 ವೋಲ್ಟಿಗೆ ಇಳಿದರೆ ಟಾರ್ಚನ್ನೇ ಆರಿಸುತ್ತದೆ.

ಸೆಲ್ಲಿನ ವಿಷಯದಲ್ಲಿ ಮೋಸ ಹೆಚ್ಚು. ಇಂಥ ಟಾರ್ಚಿಗೆ ಹಾಕುವ ಲೀಥಿಯಂ ಸೆಲ್ಲಿನ ಗಾತ್ರದ ಹೆಸರು 18650, ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದೊಳಗೆ ಒಳ್ಳೆಯ ತಯಾರಕರು ತುಂಬಲು ಸಾಧ್ಯವಾಗಿರುವುದು ಸುಮಾರು 3500 ಮಿಲಿಆಂಪಿಯರ್ ಗಂಟೆಯವರೆಗೆ ಮಾತ್ರ. ಮೈಮೇಲೆ 9900 ಎಂದು ಅಚ್ಚು ಹಾಕಿದ ಸೆಲ್ ಕಂಡರೆ ತಕ್ಕಡಿಗೆ ಇಡಿ. ನಿಜವಾದ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ಮೂವತ್ತು ಗ್ರಾಮಿಗಿಂತ ಕಡಿಮೆ ಇದ್ದರೆ ಒಳಗೆ ಏನೋ ಬೇರೆಯೇ ಇದೆ. ಟಾರ್ಚುಗಳ ಡಬ್ಬಿಯ ಮೇಲಿನ ಹತ್ತು ಸಾವಿರ ಲ್ಯೂಮೆನ್ ಎಂಬ ಬರಹಕ್ಕೂ ಅಷ್ಟೇ ಬೆಲೆ. ಕ್ರೀ ಕಂಪನಿಯ ಎಕ್ಸ್‌ಎಂ-ಎಲ್ ಎಂಬ ಎಲ್‌ಇಡಿ 2010ರಲ್ಲಿ ಬಂದಾಗ ಒಂದೇ ಎಲ್‌ಇಡಿಯಿಂದ 3 ಆಂಪಿಯರಿನಲ್ಲಿ 1000 ಲ್ಯೂಮೆನ್ ಬಂದದ್ದೇ ದೊಡ್ಡ ಸುದ್ದಿಯಾಗಿತ್ತು.

ಎರಡು ಸೆಲ್ಲನ್ನು ಅಕ್ಕಪಕ್ಕ ಸಮಾಂತರವಾಗಿ ಜೋಡಿಸುವುದಾದರೆ ಎರಡನ್ನೂ ಮೊದಲು ಪೂರ್ತಿ ಚಾರ್ಜ್ ಮಾಡಿ ವೋಲ್ಟೇಜ್ ಸಮವಾದ ಮೇಲೆಯೇ ಸೇರಿಸಿ. ಸೆಲ್ಲಿನ ಮೈಗೆ ನೇರವಾಗಿ ಸೋಲ್ಡರ್ ಹಿಡಿಯಬೇಡಿ, ಕಾಯಿಸಿದರೆ ಒಳಗಿನ ಪದರ ಹಾಳಾಗುತ್ತದೆ. ಹೋಲ್ಡರ್ ಬಳಸಿ, ಇಲ್ಲವೇ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ.

ಕಬಿನಿ ಬಲದಂಡೆ, ತಿ. ನರಸೀಪುರ

ನಮ್ಮ ತಾಲ್ಲೂಕಿನಲ್ಲಿ 2022ರ ಕೊನೆಯಿಂದ 2023ರ ಜನವರಿಯವರೆಗೆ ಚಿರತೆ ದಾಳಿಯಲ್ಲಿ ಜನ ಸತ್ತದ್ದು ಎಲ್ಲರಿಗೂ ತಿಳಿದಿದೆ. ಕಬ್ಬಿನ ಗದ್ದೆಯ ಪಕ್ಕದಲ್ಲಿ ನಡೆಯುವಾಗ ನಮಗೆ ಬೇಕಿರುವುದು ದೂರದ ಬೆಳಕು. ಲ್ಯೂಮೆನ್ ಹೆಚ್ಚಾದರೆ ದೂರವೂ ಹೆಚ್ಚಾಗುತ್ತದೆಯೇ?

ವಿಜ್ಞಾನ ಶಿಕ್ಷಕ, ಮಂಡ್ಯ

ಲ್ಯೂಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ದೂರವನ್ನು ನಿರ್ಧರಿಸುವುದು ಕ್ಯಾಂಡೆಲಾ, ಎಂದರೆ ಒಂದೇ ದಿಕ್ಕಿನಲ್ಲಿ ಆ ಬೆಳಕು ಎಷ್ಟು ಒತ್ತಾಗಿದೆ ಎಂಬ ಅಳತೆ. ನಾಲೆಯ ನೀರು ಅಷ್ಟೇ ಇದ್ದರೂ ತೂಬು ಕಿರಿದಾದರೆ ಚಿಮ್ಮುವ ದೂರ ಹೆಚ್ಚುವಂತೆ ಇದನ್ನು ನೆನೆಯಬಹುದು.

ಟಾರ್ಚುಗಳಿಗಾಗಿ 2009ರಲ್ಲಿ ಅಮೆರಿಕದಲ್ಲಿ ರೂಪಿಸಿದ ಮಾನದಂಡದ ಪ್ರಕಾರ, ಬೆಳಕು ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಎಂದರೆ 0.25 ಲಕ್ಸ್‌ಗೆ ಇಳಿಯುವ ಜಾಗವನ್ನು ಟಾರ್ಚಿನ ದೂರ ಎಂದು ಕರೆಯುತ್ತಾರೆ. 10,000 ಕ್ಯಾಂಡೆಲಾ ಇದ್ದರೆ ಅದು 200 ಮೀಟರ್. ದೂರ ಎರಡರಷ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕರಷ್ಟಾಗಬೇಕು, 400 ಮೀಟರಿಗೆ 40,000. ಬೆಳದಿಂಗಳಿನಲ್ಲಿ ಏನೋ ಕದಲಿತು ಎಂದು ತಿಳಿಯಬಹುದೇ ಹೊರತು ಅದು ನಾಯಿಯೋ ಚಿರತೆಯೋ ಎಂದು ಹೇಳಲಾಗದು, ಆದ್ದರಿಂದ ಡಬ್ಬಿಯ ಮೇಲಿನ ದೂರದ ಅರ್ಧಕ್ಕಿಂತ ಹೆಚ್ಚನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಚಿರತೆಯ ಕಣ್ಣು ಮಾತ್ರ ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಮೈ ಕಾಣುವ ಮೊದಲೇ ಎರಡು ಹೊಳೆಯುವ ಬಿಂದುಗಳು ಕಾಣುತ್ತವೆ. ಕಂಡರೆ ಬೆನ್ನು ತಿರುಗಿಸಿ ಓಡದೆ, ಬೆಳಕನ್ನು ಹಿಡಿದೇ ಹಿಂದೆ ಸರಿಯಿರಿ.

ಅದೇ ರಿಫ್ಲೆಕ್ಟರಿಗೆ ಅದೇ ಶಕ್ತಿಯ, ಆದರೆ ಬೆಳಗುವ ಮೈ ಚಿಕ್ಕದಾದ ಎಲ್‌ಇಡಿ ಕೂರಿಸಿದರೆ ಬೆಳಕಿನ ಕೋಲು ಸಣ್ಣದಾಗಿ ದೂರ ಹೋಗುತ್ತದೆ. ದೊಡ್ಡ ಮೈಯದು ಹಾಕಿದರೆ ಹರಡುತ್ತದೆ. ಎಲ್‌ಇಡಿ ರಿಫ್ಲೆಕ್ಟರಿನ ನಾಭಿಯಿಂದ ಒಂದು ಮಿಲಿಮೀಟರ್ ಹಿಂದೆ ಮುಂದೆ ಆದರೂ ನಡುವೆ ಕಪ್ಪು ಮಚ್ಚೆ ಬೀಳುತ್ತದೆ, ಆದ್ದರಿಂದ ಅಂಟಿಸುವ ಮೊದಲು ಗೋಡೆಗೆ ಹಿಡಿದು ನೋಡಿಕೊಳ್ಳಿ.

ನಾಲೆಬದಿಯವರಿಗೆ ಇನ್ನೊಂದು ಮಾತು. ಹಾವು ಕಾಣಬೇಕಾದರೆ ಬೆಳಕಿನ ಬಣ್ಣವೂ ಮುಖ್ಯ. ನೀಲಿ ಛಾಯೆಯ ಬಿಳಿ ಬೆಳಕಿನಲ್ಲಿ ಒಣ ತರಗು, ಮಣ್ಣು, ಕೊಳಕುಮಂಡಲದ ಕಂದು ಸರಪಳಿ ಗುರುತು ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ಬೆಳಕಿನ ಛಾಯೆ 4000 ಕೆಲ್ವಿನ್ ಆಸುಪಾಸಿನಲ್ಲಿರುವ, ಬಣ್ಣಗಳನ್ನು ನಿಜವಾಗಿ ತೋರುವ ಸೂಚ್ಯಂಕ 90ಕ್ಕೆ ಮೇಲಿರುವ ಎಲ್‌ಇಡಿ ತೆಗೆದುಕೊಳ್ಳಿ. ಅಷ್ಟೇ ಕರೆಂಟಿಗೆ ಸ್ವಲ್ಪ ಕಡಿಮೆ ಲ್ಯೂಮೆನ್ ಬರುತ್ತದೆ, ಆದರೂ ನನ್ನ ಅಭಿಪ್ರಾಯದಲ್ಲಿ ಅದೇ ಒಳ್ಳೆಯದು. ಮಾಗಿಯ ಮಂಜಿನಲ್ಲಿ ಕಣ್ಣಿಗೆ ಹೊಡೆಯುವುದೂ ಕಡಿಮೆ.

ಕೆರೆ ಏರಿ, ಶ್ರೀರಂಗಪಟ್ಟಣ

ಇಷ್ಟೆಲ್ಲ ಕಷ್ಟಪಡುವ ಬದಲು ಒಳ್ಳೆಯ ಹೊಸ ಟಾರ್ಚನ್ನೇ ಕೊಳ್ಳಬಹುದಲ್ಲವೇ?

ನಾಲೆಬದಿ, ಮದ್ದೂರು ತಾಲ್ಲೂಕು

ಕೊಳ್ಳಬಹುದು ಸ್ವಾಮಿ. ಆದರೆ ನಮ್ಮ ಬೀದಿಯೊಂದರಲ್ಲೇ ಮಂಕಾಗಿ ಮೂಲೆ ಸೇರಿದ ಇಂಥ ಟಾರ್ಚುಗಳು ಏಳೆಂಟು ಇವೆ. ಕೈಗೆ ಹಿಡಿಕೆ, ಅಂಗೈಯಗಲದ ರಿಫ್ಲೆಕ್ಟರ್, ಗಟ್ಟಿ ಮೈ ಎಲ್ಲವೂ ಸರಿಯಾಗಿವೆ. ಒಂದನ್ನು ಸರಿಯಾಗಿ ಮಾಡಲು ಕಲಿತರೆ ಉಳಿದವನ್ನೂ ಮಾಡಿಕೊಡಬಹುದು ಎಂಬ ಆಸೆ ನನಗಿದೆ.

ನಾಲೆಬದಿ, ಮದ್ದೂರು ತಾಲ್ಲೂಕು

ಮೂರು ವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಹಳೆಯ ಬೋರ್ಡನ್ನು ಕಿತ್ತೆ. ಪಿನ್ನು ಸಾಕೆಟ್ಟಿನಿಂದ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದೆಂದು ಬೆಸುಗೆ ಅಣ್ಣ ಫೋನಿನಲ್ಲಿ ಎಚ್ಚರಿಸಿದ್ದರಿಂದ, ಅದರ ಎರಡು ಕಾಲಿಗೂ ಒಂದು ರೆಸಿಸ್ಟರ್ ಹಿಡಿದು ಇಳಿಸಿಕೊಂಡು ಆಮೇಲೆ ಕೈ ಹಾಕಿದೆ. ಸೀಸದ ಬ್ಯಾಟರಿಯ ಒಂದು ಬದಿ ಉಬ್ಬಿತ್ತು, ಧನ ತುದಿಯ ಸುತ್ತ ಬಿಳಿ ಹಿಟ್ಟಿನಂಥದ್ದು ಕೂತಿತ್ತು.

ಹಳೆಯ ಎಲ್‌ಇಡಿ ಕೂತಿದ್ದ ತಗಡನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಅಲ್ಯೂಮಿನಿಯಂ ತಗಡನ್ನು ಪ್ಲಾಸ್ಟಿಕ್ಕಿನ ಮೇಲೆ ಎರಡು ಸ್ಕ್ರೂ ಹಾಕಿ ಕೂರಿಸಿದ್ದರು, ಬಿಸಿ ಹೋಗಲು ದಾರಿಯೇ ಇರಲಿಲ್ಲ. ಎಲ್‌ಇಡಿಗೆ ಕೊಡುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ ಎಂದು ಮೇಷ್ಟ್ರು ವಿವರಿಸಿದ್ದರು. ಮಂಡ್ಯದ ಗುಜರಿಯಲ್ಲಿ ಕಂಪ್ಯೂಟರಿನ ಹಳೆಯ ಹೀಟ್‌ಸಿಂಕ್ ಒಂದು ಸಿಕ್ಕಿತು. ಅದನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ, ಟಾರ್ಚಿನ ಕುತ್ತಿಗೆಯ ಪ್ಲಾಸ್ಟಿಕ್ಕಿನಲ್ಲಿ ಕಿಂಡಿ ತೆಗೆದು, ರೆಕ್ಕೆಗಳು ಹೊರಗಿನ ಗಾಳಿಗೆ ಸಿಗುವಂತೆ ಕೂರಿಸಿದೆ. ಸುತ್ತಲೂ ಸಿಲಿಕೋನ್ ಹಚ್ಚಿದ್ದೇನೆ. ತಾಮ್ರದ ತಗಡಿನ ಮೇಲೆ ಕೂತಿರುವ 4000 ಕೆಲ್ವಿನ್ ಎಲ್‌ಇಡಿಯನ್ನು ಹೀಟ್‌ಸಿಂಕ್ ಪೇಸ್ಟ್ ಹಚ್ಚಿ ಸ್ಕ್ರೂ ಮಾಡಿದೆ. ಪೇಸ್ಟನ್ನು ದಪ್ಪಗೆ ಬಳಿದರೆ ಒಳ್ಳೆಯದೆಂದು ಭಾವಿಸಿದ್ದೆ, ಅದು ತಪ್ಪು. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದು ತುಂಬುವಷ್ಟು ತೆಳುವಾಗಿದ್ದರೆ ಸಾಕು.

ಅಂಗಡಿಯಲ್ಲಿ ನಾಲ್ಕು ಚಿಪ್ಪಿನ ಡ್ರೈವರ್ ಸಿಗದೆ ಎಂಟರದ್ದು ತಂದಿದ್ದೆ. ಮೊದಲ ದಿನ ಎಂಟನ್ನೂ ಇಟ್ಟೇ ಹೊತ್ತಿಸಿದೆ. ಎದುರು ಮನೆಯ ಗೋಡೆ ಹಗಲಾದಂತೆ ಬೆಳಗಿತು, ನನ್ನ ತಮ್ಮ ಕೂಗಿ ಎಲ್ಲರನ್ನೂ ಕರೆದ. ಆರನೇ ನಿಮಿಷಕ್ಕೆ ಹೀಟ್‌ಸಿಂಕ್ ಮೇಲೆ ಮಲ್ಟಿಮೀಟರಿನ ಬಿಸಿ ಅಳೆಯುವ ತಂತಿ 78 ಡಿಗ್ರಿ ತೋರಿಸಿತು, ಇನ್ನೂ ಏರುತ್ತಿತ್ತು. ಕೂಡಲೇ ಆರಿಸಿ, ಬ್ಲೇಡಿನಿಂದ ನಾಲ್ಕು ಚಿಪ್ಪುಗಳ ಕಾಲುಗಳನ್ನು ಬಿಡಿಸಿದೆ. ಈಗ 1.4 ಆಂಪಿಯರ್ ಹರಿಯುತ್ತದೆ. ಅರ್ಧ ಗಂಟೆ ಉರಿದ ಮೇಲೆ 54 ಡಿಗ್ರಿಗೆ ಬಂದು ಅಲ್ಲೇ ನಿಲ್ಲುತ್ತದೆ. ಕರೆಂಟು ಅರ್ಧವಾದರೂ ಕಣ್ಣಿಗೆ ಬೆಳಕು ಅರ್ಧವಾದಂತೆ ಕಾಣಲೇ ಇಲ್ಲ. ಕಣ್ಣಿಗೆ ಎರಡರಷ್ಟು ಎನಿಸಬೇಕಾದರೆ ಬೆಳಕು ಸುಮಾರು ನಾಲ್ಕರಷ್ಟಾಗಬೇಕು ಎಂದು ಮೇಷ್ಟ್ರು ಹೇಳಿದ್ದು ಆಗ ಅರ್ಥವಾಯಿತು.

ಆದರೂ ಒಂದು ತೊಡಕು ಉಳಿಯಿತು. ಸೆಲ್ ಅರ್ಧ ಖಾಲಿಯಾಗುತ್ತಿದ್ದಂತೆ ಕರೆಂಟು 1.4ರಿಂದ ಇಳಿಯತೊಡಗಿತು. ಹುಡುಕಿದಾಗ ಹಳೆಯ ಜಾರುಸ್ವಿಚ್ಚು ಮತ್ತು ಕೂದಲೆಳೆಯಂಥ ವೈರುಗಳ ನಡುವೆಯೇ 0.3 ವೋಲ್ಟ್ ಕಳೆದುಹೋಗುತ್ತಿತ್ತು. ದಪ್ಪ ವೈರ್ ಎಳೆದು, 3 ಆಂಪಿಯರ್ ತಡೆಯುವ ಸ್ವಿಚ್ ಹಾಕಿದ ಮೇಲೆ ಅದು 0.05ಕ್ಕೆ ಇಳಿಯಿತು. ಬರೀ ಎಲ್‌ಇಡಿ ಬದಲಿಸಿ ಇದನ್ನು ಬಿಟ್ಟಿದ್ದರೆ ಕಾರಣ ತಿಳಿಯದೆ ಸೆಲ್ಲನ್ನೇ ಬೈಯುತ್ತಿದ್ದೆನೇನೋ.

2600 ಮಿಲಿಆಂಪಿಯರ್ ಗಂಟೆಯ ಎರಡು ಸೆಲ್ಲನ್ನು ಸಮಾಂತರವಾಗಿ ಹಾಕಿದ್ದೇನೆ. ಪೂರ್ತಿ ಬೆಳಕಿನಲ್ಲಿ ಮೂರೂವರೆ ಗಂಟೆ ಬರುತ್ತದೆ, ಖಾಲಿಯಾದದ್ದು ತುಂಬಲು ಸುಮಾರು ಆರು ಗಂಟೆ ಹಿಡಿಯುತ್ತದೆ. ಪಂಪ್‌ಮನೆಯಿಂದ ತೆಂಗಿನ ಸಾಲು ಮತ್ತೆ ಕಾಣುತ್ತಿದೆ, ಅದರಾಚೆಯ ಹೊಂಗೆ ಮರದ ಕೊಂಬೆಯೂ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಲ ಬುಡದ ತರಗಿನಲ್ಲಿ ಒಣಗಿದ ಎಲೆ ಯಾವುದು, ಮಣ್ಣಿನ ಹೆಂಟೆ ಯಾವುದು ಎಂದು ಬಣ್ಣದಿಂದಲೇ ಗೊತ್ತಾಗುತ್ತದೆ.

ಹೊಂಬಾಳೆ, ಮಳವಳ್ಳಿ

ಔಷಧಿ ಹೊಡೆಯುವ ಪಂಪಿನ 12 ವೋಲ್ಟಿನ ಬ್ಯಾಟರಿಗೆ ಇದೇ ಎಲ್‌ಇಡಿ, ಇದೇ ಡ್ರೈವರ್ ಕೊಡಬಹುದೇ?

ಬೆಸುಗೆ, ಮೈಸೂರು

ಕೊಡಬೇಡಿ. ಎಲ್‌ಇಡಿಗೆ ಬೇಕಿರುವುದು ಮೂರು ವೋಲ್ಟ್, ಉಳಿದ ಒಂಬತ್ತನ್ನು ಆ ಚಿಪ್ಪುಗಳು ಬಿಸಿಯಾಗಿ ಸುಡಬೇಕಾಗುತ್ತದೆ, ಕ್ಷಣದಲ್ಲಿ ಹೋಗುತ್ತವೆ. 12 ವೋಲ್ಟಿಗೆ ವೋಲ್ಟೇಜ್ ಇಳಿಸುವ ಬಕ್ ಡ್ರೈವರ್ ಬೇಕು. ನಾಲೆಬದಿಯವರೇ, ಕೆಲಸ ಅಚ್ಚುಕಟ್ಟಾಗಿದೆ. ಆ ಹಳೆಯ ಸೀಸದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಬ್ಯಾಟರಿ ಅಂಗಡಿಗೆ ಹಿಂದಿರುಗಿಸಿ. ಹಳೆಯ ಎರಡು ಪಿನ್ನುಗಳನ್ನು ಏನು ಮಾಡಿದಿರಿ?

ನಾಲೆಬದಿ, ಮದ್ದೂರು ತಾಲ್ಲೂಕು

ಬ್ಯಾಟರಿಯನ್ನು ಮದ್ದೂರಿನ ಅಂಗಡಿಗೆ ಕೊಟ್ಟಾಯಿತು ಅಣ್ಣಾ. ಪಿನ್ನುಗಳನ್ನು ಕಿತ್ತು ಹಾಕಿ, ಆ ಎರಡು ರಂಧ್ರಗಳನ್ನು ಎಂ-ಸೀಲ್ ತುಂಬಿ ಮುಚ್ಚಿದ್ದೇನೆ. ನಮ್ಮ ತಾಯಿಯವರಿಗೆ ಸಂಜೆ ದೀಪ ಹಚ್ಚಿದ ಕೂಡಲೇ ಟಾರ್ಚನ್ನು ಗೋಡೆಗೆ ಚುಚ್ಚುವ ಅಭ್ಯಾಸ. ಈಗ ಅವರ ಕೈಗೆ ಮೊಬೈಲ್ ಚಾರ್ಜರಿನ ವೈರ್ ಕೊಟ್ಟು, ಕೆಂಪು ದೀಪ ಹೋಗಿ ನೀಲಿ ಬಂದರೆ ತೆಗೆಯಬೇಕೆಂದು ತೋರಿಸಿದ್ದೇನೆ. ನಿನ್ನೆ ಅವರೇ ತೆಗೆದಿಟ್ಟಿದ್ದರು.